ನಡೆಯದೇ ಹೋದ ಯುದ್ಧಗಳ ಲೆಕ್ಕ

ಬೆಂಗಳೂರು ಎಂಬ ಹೆಸರು ಬರಹದಲ್ಲಿ ಮೊದಲು ಕಾಣಿಸಿಕೊಳ್ಳುವುದು ಒಂದು ಸಾವಿನ ಸುದ್ದಿಯಲ್ಲಿ. ಬೇಗೂರಿನ ನಾಗೇಶ್ವರ ದೇವಾಲಯದಲ್ಲಿರುವ ಆ ವೀರಗಲ್ಲು ಗಂಗರ ಕಾಲದ್ದು, ಒಂಬತ್ತನೇ ಶತಮಾನದ ಕೊನೆಯ ಭಾಗದ್ದು ಎಂದು ವಿದ್ವಾಂಸರು ಹೇಳುತ್ತಾರೆ. ಬೆಂಗಳೂರಿನ ಕಾಳಗದಲ್ಲಿ ಬುಟ್ಟನಸೆಟ್ಟಿ ಎಂಬಾತ ಸತ್ತನೆಂದು ಅದು ತಿಳಿಸುತ್ತದೆ. ಆ ಕಾಳಗ ಯಾತಕ್ಕಾಗಿ ನಡೆಯಿತು, ಅದರಿಂದ ಯಾರಿಗೆ ಏನು ದಕ್ಕಿತು, ಬುಟ್ಟನಸೆಟ್ಟಿಯ ಮನೆಯಲ್ಲಿ ಅವನ ಹಿಂದೆ ಯಾರು ಯಾರು ಉಳಿದರು ಎಂಬುದನ್ನು ಕಲ್ಲು ಹೇಳುವುದಿಲ್ಲ. ನಾನು ಆ ದೇವಾಲಯದಿಂದ ಹೆಚ್ಚು ದೂರವಿಲ್ಲದ ಬಡಾವಣೆಯೊಂದರಲ್ಲಿ ಹದಿನೆಂಟು ವರ್ಷಗಳಿಂದ ವಾಸವಾಗಿದ್ದೇನೆ. ಊರಿನಿಂದ ನೆಂಟರು ಬಂದಾಗಲೆಲ್ಲ ಅವರನ್ನು ಅಲ್ಲಿಗೆ ಕರೆದುಕೊಂಡು ಹೋಗುವುದು ನನ್ನ ರೂಢಿ.

ಮೂವತ್ತು ವರ್ಷ ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳಿದವಳಾದ್ದರಿಂದ ವೀರಗಲ್ಲುಗಳನ್ನು ಬಹಳ ನೋಡಿದ್ದೇನೆ. ತುರುಗೋಳಿನಲ್ಲಿ ದನಗಳನ್ನು ಬಿಡಿಸಲು ಹೋಗಿ ಸತ್ತವರ ಕಲ್ಲು, ಊರಳಿವಿನಲ್ಲಿ ಹೋರಾಡಿ ಸತ್ತವರ ಕಲ್ಲು, ಪೆಣ್ಬುಯ್ಯಲಿನಲ್ಲಿ ಹೆಂಗಸರ ಕೂಗು ಕೇಳಿ ಓಡಿ ಬಂದು ಸತ್ತವರ ಕಲ್ಲು, ಇವು ಕರ್ನಾಟಕದ ಊರೂರಿನಲ್ಲೂ ಇವೆ. ಆ ಸಾವುಗಳ ಬಗ್ಗೆ ನನಗೆ ಗೌರವವಿದೆ. ಆದರೆ ಎರಡು ಊರುಗಳ ನಡುವೆ ಕುಳಿತು ಮಾತಾಡಿ ಕಾಳಗವನ್ನು ತಪ್ಪಿಸಿದವರಿಗೆ ನೆಟ್ಟ ಕಲ್ಲನ್ನು ಮಾತ್ರ ನಾನು ಈವರೆಗೆ ಎಲ್ಲಿಯೂ ಕಂಡಿಲ್ಲ. ಅಂಥವರು ಇರಲಿಲ್ಲವೆಂದು ನಾನು ನಂಬಲಾರೆ. ಕಾಳಗ ನಡೆಯದೇ ಹೋದ ಊರಿನಲ್ಲಿ ಕೆತ್ತಿಸಲು ಸಾವಿನ ಹೆಸರುಗಳು ಇರುವುದಿಲ್ಲ, ಆದ್ದರಿಂದ ಕಲ್ಲೂ ಇರುವುದಿಲ್ಲ, ಅಷ್ಟೇ.

ಇದನ್ನೆಲ್ಲ ಈಗ ಬರೆಯಲು ಕಾರಣ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಪ್ರಶ್ನೆ. ಒಂದೂವರೆ ವರ್ಷದಿಂದ ನಮ್ಮೊಂದಿಗೆ ಯುದ್ಧವಿರೋಧಿ ಮೌನ ಪ್ರದರ್ಶನಗಳಿಗೆ ತಪ್ಪದೆ ಬರುತ್ತಿದ್ದ ಆಕೆ ಕಳೆದ ತಿಂಗಳು ನಮ್ಮ ಮನೆಗೆ ಬಂದಿದ್ದಳು. ಬಹಳ ಹೊತ್ತು ಸುಮ್ಮನೆ ಕುಳಿತಿದ್ದು ಆಮೇಲೆ, "ಮೇಡಂ, ನಾವು ನಿಂತದ್ದರಿಂದ ಒಂದು ಬಾಂಬಾದರೂ ಬೀಳದೆ ಉಳಿದಿದೆಯೇ? ನೀವು ಇಷ್ಟು ವರ್ಷ ಭರವಸೆಯನ್ನು ಹೇಗೆ ಇಟ್ಟುಕೊಂಡಿರಿ?" ಎಂದು ಕೇಳಿದಳು. ಅವತ್ತು ನಾನು ಕೊಟ್ಟ ಉತ್ತರ ನನಗೇ ಸಮಾಧಾನ ತರಲಿಲ್ಲ. ಅವಳಿಗೆ ಹೇಳಬೇಕಾಗಿದ್ದದ್ದನ್ನು ಇಲ್ಲಿ ಸಾವಧಾನವಾಗಿ ಬರೆಯುತ್ತಿದ್ದೇನೆ.

ನಾನು ಈ ಕೆಲಸಕ್ಕೆ ಬಂದದ್ದು 1998ರಲ್ಲಿ. ಆ ವರ್ಷದ ಮೇ 11 ಮತ್ತು 13ರಂದು ಭಾರತ ಪೋಖ್ರಾನ್‌ನಲ್ಲಿ ಪರಮಾಣು ಪರೀಕ್ಷೆ ನಡೆಸಿತು. 28 ಮತ್ತು 30ರಂದು ಪಾಕಿಸ್ತಾನ ಬಲೂಚಿಸ್ತಾನದಲ್ಲಿ ತನ್ನ ಪರೀಕ್ಷೆಗಳನ್ನು ನಡೆಸಿತು. ನಮ್ಮ ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ಮೈಸೂರುಪಾಕು ಹಂಚಿದರು, ನಾನೂ ಒಂದು ತುಂಡು ತೆಗೆದುಕೊಂಡು ತಿಂದೆ. ಅದೇ ವಾರ ಎರಡನೆಯ ವರ್ಷದ ತರಗತಿಯಲ್ಲಿ ಎರಡನೇ ಮಹಾಯುದ್ಧದ ಕೊನೆಯ ಭಾಗವನ್ನು ಪಾಠ ಮಾಡಬೇಕಾಗಿತ್ತು. 1945ರ ಆಗಸ್ಟ್ 6ರಂದು ಹಿರೊಶಿಮಾದಲ್ಲಿ ಆದದ್ದನ್ನು ಪ್ರತಿ ವರ್ಷದಂತೆ ಹೇಳಲು ಬಾಯಿ ತೆರೆದಾಗ ಆ ಸಿಹಿಯ ನೆನಪಾಗಿ ನನ್ನ ಮಾತು ನಿಂತುಹೋಯಿತು. ಮರುವರ್ಷ ಬೇಸಿಗೆಯಲ್ಲಿ ಕಾರ್ಗಿಲ್ ಯುದ್ಧ ಬಂತು. ಅಣ್ವಸ್ತ್ರವಿರುವ ಎರಡು ದೇಶಗಳು ಹಿಮದ ಶಿಖರಗಳಲ್ಲಿ ಬಡಿದಾಡಿದವು, ನಮ್ಮ ಐನೂರಕ್ಕೂ ಹೆಚ್ಚು ಯೋಧರು ಪ್ರಾಣ ಕಳೆದುಕೊಂಡರು. ಅಷ್ಟು ಹೊತ್ತಿಗೆ ನಾನು ಕಪ್ಪು ಸೀರೆಯುಟ್ಟು ರಸ್ತೆಯ ಬದಿಯಲ್ಲಿ ನಿಲ್ಲಲು ಕಲಿತಿದ್ದೆ.

ಕಪ್ಪುಡುಗೆಯಲ್ಲಿ ಮೌನವಾಗಿ ನಿಲ್ಲುವ ಈ ರೀತಿ ನಮ್ಮದಲ್ಲ. 1988ರ ಜನವರಿಯಲ್ಲಿ, ಇಸ್ರೇಲಿನ ಆಕ್ರಮಣದ ವಿರುದ್ಧ ಪ್ಯಾಲೆಸ್ತೀನಿಯರ ಮೊದಲ ಇಂತಿಫಾದ, ಎಂದರೆ ಜನಬಂಡಾಯ, ಆರಂಭವಾದ ಕೆಲವೇ ವಾರಗಳ ಬಳಿಕ, ಜೆರುಸಲೇಮಿನ ಕೆಲವು ಇಸ್ರೇಲಿ ಮಹಿಳೆಯರು ಶುಕ್ರವಾರ ಮಧ್ಯಾಹ್ನ ಒಂದು ವೃತ್ತದಲ್ಲಿ ಕಪ್ಪು ಬಟ್ಟೆ ತೊಟ್ಟು, ಆಕ್ರಮಣ ಕೊನೆಯಾಗಲಿ ಎಂದು ಬರೆದ ಫಲಕಗಳನ್ನು ಹಿಡಿದು ಒಂದು ಗಂಟೆ ನಿಂತರು. ಮುಂದಿನ ಶುಕ್ರವಾರವೂ ನಿಂತರು. ಅಲ್ಲಿಂದ ಅದು ಇಟಲಿಗೆ, ಯುದ್ಧದಲ್ಲಿ ಒಡೆಯುತ್ತಿದ್ದ ಯುಗೊಸ್ಲಾವಿಯಾದ ಬೆಲ್‌ಗ್ರೇಡಿಗೆ, ಹಾಗೆಯೇ 1990ರ ದಶಕದಲ್ಲಿ ವಿಮೋಚನಾ ಸಂಘಟನೆಯ ಮಹಿಳೆಯರ ಮೂಲಕ ಬೆಂಗಳೂರಿಗೆ ಬಂತು. ಘೋಷಣೆ ಕೂಗುವಂತಿಲ್ಲ, ಯಾರಾದರೂ ಬೈದರೆ ಉತ್ತರಿಸುವಂತಿಲ್ಲ. ಮೊದಲ ಸಲ ನಿಂತವರಿಗೆ ಆ ಒಂದು ಗಂಟೆ ಬಹಳ ದೀರ್ಘವೆನಿಸುತ್ತದೆ, ಏಕೆಂದರೆ ಬಾಯಿ ಮುಚ್ಚಿದಾಗ ಮನಸ್ಸು ಸತ್ತವರ ಕಡೆಗೇ ಹೋಗುತ್ತದೆ.

ಜೆರುಸಲೇಮಿನ ಆ ಮಹಿಳೆಯರು ಮೂವತ್ತೈದು ವರ್ಷಗಳಿಗಿಂತ ಹೆಚ್ಚು ಕಾಲ ನಿಂತರೂ ಆಕ್ರಮಣ ಕೊನೆಯಾಗಿಲ್ಲ. ಗಾಜಾದಲ್ಲಿ 2023ರ ಅಕ್ಟೋಬರ್ ನಂತರ ಸತ್ತವರ ಸಂಖ್ಯೆ ಹತ್ತಾರು ಸಾವಿರಗಳಲ್ಲಿದೆ, ಅದಕ್ಕೆ ಮೊದಲಾಗಿ ಇಸ್ರೇಲಿನಲ್ಲಿ ಒಂದೇ ದಿನ ಸುಮಾರು 1,200 ಜನರನ್ನು ಕೊಲ್ಲಲಾಯಿತು. ಈ ಸಂಗತಿಗಳನ್ನು ಪಕ್ಕಕ್ಕೆ ಸರಿಸಿ ಭರವಸೆಯ ಮಾತನ್ನು ಆಡುವುದು ನನ್ನಿಂದಾಗದು. ನಾನು ಯಾವುದನ್ನು ಭರವಸೆ ಎಂದು ಕರೆಯುತ್ತೇನೋ ಅದು ಈ ಸಂಗತಿಗಳ ಎದುರಿನಲ್ಲಿ ನಿಲ್ಲಬೇಕು, ನಿಲ್ಲದಿದ್ದರೆ ಅದನ್ನು ನನ್ನ ವಿದ್ಯಾರ್ಥಿನಿಗೆ ಕೊಡುವ ಹಕ್ಕು ನನಗಿಲ್ಲ.

ನನ್ನ ಭರವಸೆ ಸಂಪೂರ್ಣವಾಗಿ ಕುಸಿದದ್ದು 2003ರ ಮಾರ್ಚಿನಲ್ಲಿ. ಆ ವರ್ಷದ ಫೆಬ್ರುವರಿ 15ರಂದು, ಇರಾಕಿನ ಮೇಲೆ ಅಮೆರಿಕ ನಡೆಸಲಿದ್ದ ದಾಳಿಯನ್ನು ವಿರೋಧಿಸಿ, ಜಗತ್ತಿನ ಆರು ನೂರಕ್ಕೂ ಹೆಚ್ಚು ನಗರಗಳಲ್ಲಿ ಜನ ಒಂದೇ ದಿನ ಬೀದಿಗಿಳಿದಿದ್ದರು. ರೋಮ್, ಲಂಡನ್, ಮ್ಯಾಡ್ರಿಡ್ ನಗರಗಳಲ್ಲಿ ಲಕ್ಷಗಟ್ಟಲೆ ಜನ ಸೇರಿದ ಚಿತ್ರಗಳನ್ನು ನೋಡಿ ನಾವೆಲ್ಲ ಇಷ್ಟು ಜನ ಬೇಡವೆಂದ ಯುದ್ಧ ನಡೆಯಲಾರದು ಎಂದುಕೊಂಡೆವು. ಬೆಂಗಳೂರಿನಲ್ಲಿ ನಾವಿದ್ದದ್ದು ಕೆಲವೇ ಜನ. ಆದರೂ ಆ ವಾರಗಳಲ್ಲಿ ನಾವು ಒಬ್ಬರ ಕೈ ಒಬ್ಬರು ಹಿಡಿದು ನಿಂತಾಗ ಕೋಟ್ಯಂತರ ಜನರ ಸಾಲಿನ ಒಂದು ತುದಿಯಲ್ಲಿದ್ದೇವೆಂದೇ ಅನಿಸುತ್ತಿತ್ತು. ಮಾರ್ಚ್ 20ರಂದು ಬಾಗ್ದಾದಿನ ಮೇಲೆ ಬಾಂಬುಗಳು ಬಿದ್ದವು. ಟಿವಿಯ ಮುಂದೆ ಕುಳಿತಿದ್ದ ನನಗೆ ಮೊದಲು ಬಂದದ್ದು ಅಳುವಲ್ಲ, ನಾಚಿಕೆ. ಕೇಳುವವರೇ ಇಲ್ಲದ ಕಡೆ ಇಷ್ಟು ದಿನ ಮಾತಾಡಿದೆನಲ್ಲ ಎಂಬ ನಾಚಿಕೆ ಅದು.

ಏಪ್ರಿಲ್ ರಜೆಯಲ್ಲಿ ಬೈಲಹೊಂಗಲ ತಾಲ್ಲೂಕಿನ ನಮ್ಮೂರಿಗೆ ಹೋದೆ. ಬೆಳಗಾವಿ ಜಿಲ್ಲೆಯ ಬಹಳಷ್ಟು ಹಳ್ಳಿಗಳಂತೆ ನಮ್ಮೂರಿನಲ್ಲೂ ಸೈನ್ಯಕ್ಕೆ ಮಗನನ್ನು ಕಳುಹಿಸಿದ ಮನೆಗಳು ಹಲವು. ನಮ್ಮ ದೊಡ್ಡಪ್ಪ 1971ರ ಯುದ್ಧದಲ್ಲಿ ಇದ್ದವರು. ಆ ಯುದ್ಧದ ವಿಷಯವನ್ನು ಅವರು ಮನೆಯಲ್ಲಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ನಾನು ಬೀದಿಯಲ್ಲಿ ನಿಲ್ಲುವ ಸಂಗತಿ ಅವರಿಗೆ ಗೊತ್ತಿತ್ತು, ಆದರೆ ಸೈನಿಕರಾಗಿದ್ದವರ ಎದುರು ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿತ್ತು. ಒಂದು ಸಂಜೆ ಕಟ್ಟೆಯ ಮೇಲೆ ಕುಳಿತಿದ್ದಾಗ ಅವರೇ ಕೇಳಿದರು. ಇನ್ನು ಅದನ್ನು ಬಿಟ್ಟುಬಿಡುತ್ತೇನೆ ದೊಡ್ಡಪ್ಪ, ಏನೂ ಉಪಯೋಗವಿಲ್ಲ ಎಂದೆ. ಅವರು ಹೇಳಿದ ಮಾತು ನನಗೆ ಇವತ್ತಿಗೂ ಹಾಗೆಯೇ ನೆನಪಿದೆ: "ಯುದ್ಧಕ್ಕ ಹೋಗೂ ಹುಡುಗರಿಗೆ ಮಾಲಿ ಹಾಕಾವ್ರು ಭಾಳ ಮಂದಿ ಇರ್ತಾರವಾ. ಬ್ಯಾಡ ಅನ್ನಾವ್ರು ಹಡದಾಕಿ ಒಬ್ಬಾಕಿನ. ಆಕಿನೂ ಬಾಗಲಾ ಹಾಕ್ಕೊಂಡು ಅಳತಾಳ, ಯಾರಿಗೂ ಕೇಳೂದಿಲ್ಲ. ನೀ ಬೀದ್ಯಾಗ ನಿಂತು ಅಂದಿ ಅಂದ್ರ ಆಕಿ ಪರವಾಗಿ ಅಂದಂಗ ಆತು. ಬಿಡಬ್ಯಾಡ." ಬಿಡುವುದಿಲ್ಲ ಎಂದು ನಾನು ಅವರಿಗೆ ಮಾತು ಕೊಟ್ಟೆ.

ಕನ್ನಡದಲ್ಲಿ ಭರವಸೆಯನ್ನು ಇಡುತ್ತೇವೆ, ಭರವಸೆಯನ್ನು ಕೊಡುತ್ತೇವೆ ಕೂಡ. ಮುಂದೆ ಒಳ್ಳೆಯದಾದೀತೆಂದು ಮನಸ್ಸಿನಲ್ಲಿ ಇಟ್ಟುಕೊಳ್ಳುವುದಕ್ಕೂ, ಇನ್ನೊಬ್ಬರಿಗೆ ನಾನು ಹೀಗೆ ಮಾಡುತ್ತೇನೆಂದು ಕೊಡುವ ಮಾತಿಗೂ ನಮ್ಮಲ್ಲಿರುವುದು ಒಂದೇ ಪದ. ಆ ಸಂಜೆಯವರೆಗೆ ನಾನು ಮೊದಲನೆಯ ಅರ್ಥದಲ್ಲಿ ಮಾತ್ರ ಭರವಸೆಯುಳ್ಳವಳಾಗಿದ್ದೆ. ಹಾಗಾಗಿ ಬಾಗ್ದಾದಿನ ಒಂದು ರಾತ್ರಿಯ ಬಾಂಬ್ ದಾಳಿಗೆ ಅದು ಮುರಿದುಬಿತ್ತು. ದೊಡ್ಡಪ್ಪನಿಗೆ ಕೊಟ್ಟದ್ದು ಎರಡನೆಯ ಬಗೆಯದು. ಸುದ್ದಿ ಕೆಟ್ಟದಾಗಿದೆಯೆಂದು ಕೊಟ್ಟ ಮಾತು ರದ್ದಾಗುವುದಿಲ್ಲ. ಅವರು 2011ರಲ್ಲಿ ತೀರಿಕೊಂಡರು, ಅದರಿಂದಲೂ ಅದು ರದ್ದಾಗಲಿಲ್ಲ. ಕೆಲವು ತಿಂಗಳು ನನ್ನನ್ನು ಆ ರಸ್ತೆಯ ಬದಿಗೆ ಕರೆದುಕೊಂಡು ಹೋಗಿ ನಿಲ್ಲಿಸಿದ್ದು ಇದೊಂದೇ, ಬೇರಾವ ಉತ್ಸಾಹವೂ ಅಲ್ಲ. ನನ್ನ ವಿದ್ಯಾರ್ಥಿನಿಗೆ ನಾನು ಮೊದಲು ಹೇಳಬೇಕಾಗಿದ್ದದ್ದು ಇದನ್ನೇ: ಮನಸ್ಸಿನಲ್ಲಿ ಭರವಸೆ ಇಲ್ಲದ ದಿನಗಳಲ್ಲೂ ಕೊಟ್ಟ ಭರವಸೆಯ ಪ್ರಕಾರ ನಡೆದುಕೊಳ್ಳಬಹುದು, ಹಾಗೆ ನಡೆದುಕೊಳ್ಳುತ್ತ ಹೋದರೆ ಮನಸ್ಸಿನದ್ದು ಎಷ್ಟೋ ಸಲ ಹಿಂತಿರುಗಿ ಬರುತ್ತದೆ.

ಆದರೆ ಅವಳ ಪ್ರಶ್ನೆಯ ಮೊದಲ ಭಾಗ, ಒಂದು ಬಾಂಬಾದರೂ ಬೀಳದೆ ಉಳಿದಿದೆಯೇ ಎಂಬುದು, ಇದರಿಂದ ತೀರುವುದಿಲ್ಲ. ಮಾತು ಉಳಿಸಿಕೊಳ್ಳುವ ಹೆಸರಿನಲ್ಲಿ ಜೀವಮಾನವಿಡೀ ನಿಷ್ಫಲವಾದ ಕೆಲಸ ಮಾಡೆಂದು ಇಪ್ಪತ್ತೆಂಟು ವರ್ಷದ ಹುಡುಗಿಗೆ ನಾನು ಹೇಳಲಾರೆ. ಅದಕ್ಕೆ ಉತ್ತರ ಸಿಕ್ಕಿದ್ದು ನನಗೆ ಬಹಳ ತಡವಾಗಿ, ಅದೂ ಪಾಠದ ತಯಾರಿಯ ನಡುವೆ.

ಮೊದಲನೇ ಮಹಾಯುದ್ಧದಲ್ಲಿ ಭಾರತೀಯ ಸೈನಿಕರು ಎಂಬ ವಿಷಯವನ್ನು ಕಲಿಸುವಾಗ ನಾನು ಮೆಸೊಪೊಟೇಮಿಯಾಕ್ಕೆ ಹೆಚ್ಚು ಹೊತ್ತು ಕೊಡುತ್ತಿದ್ದೆ. ಇಂದು ಇರಾಕ್ ಎನ್ನುವ ಆ ನೆಲದಲ್ಲಿ ಬ್ರಿಟಿಷರ ಪರವಾಗಿ ಸೈನಿಕರಾಗಿಯೂ ಕೂಲಿಗಳಾಗಿಯೂ ದುಡಿದ ಭಾರತೀಯರು ಐದು ಲಕ್ಷಕ್ಕೂ ಹೆಚ್ಚು. ಕುತ್ ಪಟ್ಟಣದಲ್ಲಿ ತುರ್ಕರ ಮುತ್ತಿಗೆಗೆ ಸಿಕ್ಕಿ, ಹಸಿವಿನಿಂದ ಕಂಗೆಟ್ಟು, 1916ರ ಏಪ್ರಿಲ್ 29ರಂದು ಶರಣಾದ ಸುಮಾರು 13,000 ಜನರಲ್ಲಿ ಬಹುಪಾಲು ಭಾರತೀಯರೇ. ಸೆರೆಯಲ್ಲಿ ನಡೆದೂ ನಡೆದೂ ಸತ್ತವರು ಸಾವಿರಾರು ಮಂದಿ. ಬೆಂಗಳೂರಿನ ಬ್ರಿಗೇಡ್ ರಸ್ತೆಯು ರೆಸಿಡೆನ್ಸಿ ರಸ್ತೆಯನ್ನು ಸೇರುವಲ್ಲಿ ಒಂದು ಕಲ್ಲಿನ ಸ್ಮಾರಕ ಸ್ತಂಭವಿದೆ. ದಿನವೂ ಸಾವಿರಾರು ಜನ ಅದನ್ನು ನೋಡದೆಯೇ ದಾಟುತ್ತಾರೆ. ಮದ್ರಾಸ್ ಪಯೊನಿಯರ್ಸ್ ಪಡೆಗಳ ಸೈನಿಕರು ದೂರದ ರಣರಂಗಗಳಲ್ಲಿ ಸತ್ತದ್ದರ ನೆನಪಿಗೆ ನಿಲ್ಲಿಸಿದ ಆ ಕಲ್ಲಿನ ಮೇಲೆ ಮೆಸೊಪೊಟೇಮಿಯಾದ ಹೆಸರೂ ಇದೆ. ಸುಮಾರು ಹತ್ತು ವರ್ಷಗಳ ಹಿಂದೆ ಒಂದು ಪಾಠಕ್ಕಾಗಿ ಅದರ ಚಿತ್ರ ತೆಗೆದುಕೊಂಡು ಮನೆಗೆ ಬಂದು, ಇರಾಕಿನಲ್ಲಿ ಭಾರತೀಯ ಸೈನಿಕರು ಎಂಬ ಶೀರ್ಷಿಕೆ ಬರೆದು, ಅದರ ಕೆಳಗೆ ಇಸವಿಗಳನ್ನು ಗುರುತು ಮಾಡುತ್ತಿದ್ದಾಗ ನನ್ನ ಪೆನ್ನು 2003ರ ಹತ್ತಿರ ನಿಂತಿತು.

2003ರ ಬೇಸಿಗೆಯಲ್ಲಿ ಅಮೆರಿಕ ಭಾರತದಿಂದ ಒಂದು ಡಿವಿಷನ್ ಸೈನ್ಯವನ್ನು, ಎಂದರೆ ಸುಮಾರು 17,000 ಸೈನಿಕರನ್ನು, ಇರಾಕಿಗೆ ಕಳುಹಿಸುವಂತೆ ಕೇಳಿತ್ತು. ಕಳುಹಿಸಬೇಕೆನ್ನುವವರು ದೆಹಲಿಯಲ್ಲಿ ಕಡಿಮೆಯೇನೂ ಇರಲಿಲ್ಲ. ಅಮೆರಿಕದ ಸ್ನೇಹ ಗಟ್ಟಿಯಾಗುತ್ತದೆ, ಪುನರ್ನಿರ್ಮಾಣದ ಗುತ್ತಿಗೆಗಳು ಸಿಗುತ್ತವೆ, ದೊಡ್ಡ ದೇಶವೆಂಬ ಹೆಸರು ಬರುತ್ತದೆ ಎಂದು ಪತ್ರಿಕೆಗಳಲ್ಲಿ ಬರೆದವರಿದ್ದರು. ಅದಕ್ಕೆ ಮೊದಲು, ಏಪ್ರಿಲ್‌ನಲ್ಲಿ, ಆ ಯುದ್ಧವನ್ನು ನಿಂದಿಸುವ ನಿರ್ಣಯವನ್ನು ನಮ್ಮ ಸಂಸತ್ತು ಅಂಗೀಕರಿಸಿತ್ತು. ಜುಲೈ 14ರಂದು ವಾಜಪೇಯಿಯವರ ಸರ್ಕಾರದ ಭದ್ರತಾ ವಿಷಯಗಳ ಸಂಪುಟ ಸಮಿತಿ ಸೇರಿ, ವಿಶ್ವಸಂಸ್ಥೆಯ ಸ್ಪಷ್ಟ ಆದೇಶವಿಲ್ಲದೆ ಸೈನ್ಯವನ್ನು ಕಳುಹಿಸುವುದಿಲ್ಲವೆಂದು ತೀರ್ಮಾನಿಸಿತು. ವಾಜಪೇಯಿಯವರು ಎಡಪಕ್ಷಗಳ ನಾಯಕರನ್ನು ಕರೆಸಿ, ನೀವು ಯುದ್ಧವನ್ನು ವಿರೋಧಿಸುತ್ತಿದ್ದೀರಿ ಸರಿ, ಆದರೆ ನಿಮ್ಮ ದನಿ ನನಗೆ ಸಾಕಷ್ಟು ಕೇಳಿಸುತ್ತಿಲ್ಲವಲ್ಲ ಎಂಬರ್ಥದ ಮಾತಾಡಿದರೆಂಬ ಪ್ರಸಂಗವನ್ನು ರಾಜಕೀಯ ವಲಯದಲ್ಲಿ ಹಲವರು ಹೇಳುತ್ತಾರೆ. ಅಧಿಕಾರದಲ್ಲಿರುವವರಿಗೆ ಬೇಡವೆನ್ನಲು ಬೀದಿಯ ದನಿಯ ಆಸರೆ ಬೇಕಾಗುವ ಗಳಿಗೆಗಳು ಇರುತ್ತವೆಂಬುದನ್ನು ಆ ಪ್ರಸಂಗ ನನಗೆ ಕಲಿಸಿತು.

ಆ ತೀರ್ಮಾನಕ್ಕೆ ಚುನಾವಣೆಯ ಲೆಕ್ಕ ಕಾರಣವಾಗಿತ್ತು, ಮಿತ್ರಪಕ್ಷಗಳ ಅಳುಕು ಕಾರಣವಾಗಿತ್ತು, ಅರಬ್ ದೇಶಗಳಲ್ಲಿ ದುಡಿಯುತ್ತಿದ್ದ ಲಕ್ಷಾಂತರ ಭಾರತೀಯರ ಕ್ಷೇಮದ ಯೋಚನೆ ಕಾರಣವಾಗಿತ್ತು. ನಾವು ನಿಂತದ್ದರಿಂದಲೇ ಹಾಗಾಯಿತೆಂದು ಹೇಳಿದರೆ ಅದು ಸುಳ್ಳಾಗುತ್ತದೆ. ಆದರೆ ದೇಶದ ಜನ ಈ ಯುದ್ಧವನ್ನು ಒಪ್ಪಿಲ್ಲವೆಂಬುದು ಸರ್ಕಾರಕ್ಕೆ ಗೊತ್ತಿತ್ತು, ಅದನ್ನು ಗೊತ್ತು ಮಾಡಿಸಿದ ಸಾವಿರಾರು ಸಣ್ಣ ಗುಂಪುಗಳಲ್ಲಿ ನಮ್ಮದೂ ಒಂದು ಎಂದರೆ ಅದು ನಿಜ. ಅದೇ ವರ್ಷದ ನವೆಂಬರಿನಲ್ಲಿ ಇರಾಕಿನ ನಾಸಿರಿಯಾದಲ್ಲಿ ಬಾಂಬ್ ತುಂಬಿದ ಲಾರಿಯೊಂದು ಇಟಲಿಯ ಸೇನಾ ನೆಲೆಗೆ ನುಗ್ಗಿ 19 ಇಟಾಲಿಯನ್ನರು ಸತ್ತರು, ಸ್ಥಳೀಯರೂ ಸತ್ತರು. ಬೈಲಹೊಂಗಲದ, ಮಡಿಕೇರಿಯ, ಸಾತಾರದ, ಜಲಂಧರದ ಹುಡುಗರು ಅಂಥ ಒಂದು ಕಟ್ಟಡದೊಳಗೆ ಇರಲಿಲ್ಲ. ಹಾಗೆಯೇ, ನಮ್ಮ ಹುಡುಗರ ಗುಂಡಿಗೆ ಇರಾಕಿನ ಯಾವ ತಾಯಿಯ ಮಗನೂ ಸಾಯಲಿಲ್ಲ. ಬ್ರಿಗೇಡ್ ರಸ್ತೆಯ ಕಲ್ಲಿನ ಪಕ್ಕದಲ್ಲಿ ಇನ್ನೊಂದು ಕಲ್ಲು ಏಳಲಿಲ್ಲ.

ನನ್ನನ್ನು ಇಂದಿಗೂ ಕಾಡುವ ಸಂಗತಿ ಬೇರೆಯೇ ಇದೆ. 2003ರ ಜುಲೈ 15ರ ಪತ್ರಿಕೆಯನ್ನು ನಾನು ಓದಿರಲೇಬೇಕು, ಪ್ರತಿದಿನ ಓದುತ್ತಿದ್ದೆ. ಆ ಸುದ್ದಿ ಓದಿ ನನಗೆ ಏನನ್ನಿಸಿತೆಂದು ಎಷ್ಟು ಪ್ರಯತ್ನಿಸಿದರೂ ನೆನಪಾಗುವುದಿಲ್ಲ. ನಾವು ಸೋತೆವೆಂಬ ತೀರ್ಮಾನಕ್ಕೆ ನಾಲ್ಕು ತಿಂಗಳ ಹಿಂದೆಯೇ ಬಂದುಬಿಟ್ಟಿದ್ದರಿಂದ, ನಮ್ಮ ಕೆಲಸದ ಒಂದು ಫಲ ಮನೆ ಬಾಗಿಲಿಗೆ ಬಂದಾಗ ನಾನು ಅದರ ಮುಖವನ್ನೂ ನೋಡಲಿಲ್ಲ.

ಅಂದಿನಿಂದ ಇಂಥದ್ದನ್ನು ಹುಡುಕಿ ಓದುವುದು ನನ್ನ ಕೆಲಸವಾಗಿದೆ. 1969ರ ಶರತ್ಕಾಲದಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್, ನವೆಂಬರ್ 1ರೊಳಗೆ ಮಾತುಕತೆಯಲ್ಲಿ ಮಣಿಯದಿದ್ದರೆ ಭೀಕರವಾದ ದಾಳಿಯನ್ನು ಎದುರಿಸಬೇಕಾಗುತ್ತದೆಂದು ಉತ್ತರ ವಿಯೆಟ್ನಾಮಿಗೆ ಗುಟ್ಟಾಗಿ ಎಚ್ಚರಿಕೆ ಕಳುಹಿಸಿದ್ದ. ದಾಳಿಯ ಯೋಜನೆಯೂ ಸಿದ್ಧವಾಗುತ್ತಿತ್ತು. ಅಕ್ಟೋಬರ್ 15ರಂದು ಅಮೆರಿಕದ ಊರೂರುಗಳಲ್ಲಿ ಲಕ್ಷಾಂತರ ಜನ ಕೆಲಸ ನಿಲ್ಲಿಸಿ ಯುದ್ಧದ ವಿರುದ್ಧ ಸೇರಿದರು, ನವೆಂಬರ್ 15ರಂದು ವಾಷಿಂಗ್ಟನ್ನಿಗೆ ನಡೆದರು. ಆ ದೊಡ್ಡ ದಾಳಿ ನಡೆಯಲಿಲ್ಲ. ಪ್ರತಿಭಟನೆಗಳು ತನ್ನ ಎಚ್ಚರಿಕೆಯ ಬಲವನ್ನು ಕುಗ್ಗಿಸಿದವೆಂದು ನಿಕ್ಸನ್ ಎಷ್ಟೋ ವರ್ಷಗಳ ಮೇಲೆ ತನ್ನ ಆತ್ಮಕಥೆಯಲ್ಲಿ ಒಪ್ಪಿಕೊಂಡ. ಬೀದಿಯಲ್ಲಿ ನಡೆದವರಿಗೆ ಇದಾವುದೂ ಗೊತ್ತಿರಲಿಲ್ಲ. ಯುದ್ಧ ಇನ್ನೂ ಹಲವು ವರ್ಷ ನಡೆಯಿತು, ಕಾಂಬೋಡಿಯಾದ ಮೇಲೂ ಹರಡಿತು, ಅವರಲ್ಲಿ ಎಷ್ಟೋ ಜನ ತಾವು ಸೋತೆವೆಂದೇ ತಿಳಿದು ಮನೆ ಸೇರಿರಬೇಕು. ಅವರು ಯಾವುದನ್ನು ತಡೆಯುತ್ತಿದ್ದಾರೆಂಬುದೇ ಅವರಿಂದ ಮುಚ್ಚಿಟ್ಟ ಸಂಗತಿಯಾಗಿತ್ತು.

ಇಂಗ್ಲೆಂಡಿನ ಗ್ರೀನ್‌ಹ್ಯಾಮ್ ಕಾಮನ್ ಕಥೆಯನ್ನು ನಾನು ಪ್ರತಿ ವರ್ಷ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದೆ. 1981ರಲ್ಲಿ ವೇಲ್ಸಿನ ಕಾರ್ಡಿಫ್‌ನಿಂದ ಮೂವತ್ತಾರು ಮಹಿಳೆಯರು ಹತ್ತು ದಿನ ನಡೆದು, ಅಮೆರಿಕದ ಅಣ್ವಸ್ತ್ರ ಕ್ಷಿಪಣಿಗಳು ಬರಲಿದ್ದ ಆ ವಾಯುನೆಲೆಯ ಬೇಲಿಯ ಹೊರಗೆ ಬಿಡಾರ ಹೂಡಿದರು. ಮರುವರ್ಷ ಡಿಸೆಂಬರಿನಲ್ಲಿ 30,000 ಮಹಿಳೆಯರು ಕೈ ಕೈ ಹಿಡಿದು ಇಡೀ ನೆಲೆಯನ್ನು ಸುತ್ತುವರಿದರು. ಆದರೂ 1983ರಲ್ಲಿ ಕ್ಷಿಪಣಿಗಳು ಬಂದೇ ಬಂದವು. ಬಂದ ಮೇಲೂ ಆ ಮಹಿಳೆಯರು ಕೆಸರಿನಲ್ಲಿ, ಚಳಿಯಲ್ಲಿ, ಪ್ಲಾಸ್ಟಿಕ್ ಹೊದಿಕೆಯ ಕೆಳಗೆ ಉಳಿದರು, ಮತ್ತೆ ಮತ್ತೆ ಜೈಲಿಗೆ ಹೋದರು. 1987ರ ಡಿಸೆಂಬರ್ 8ರಂದು ರೇಗನ್ ಮತ್ತು ಗೋರ್ಬಚೆವ್ ಮಧ್ಯಮ ವ್ಯಾಪ್ತಿಯ ಕ್ಷಿಪಣಿಗಳನ್ನು ನಾಶಪಡಿಸುವ ಒಪ್ಪಂದಕ್ಕೆ ಸಹಿ ಹಾಕಿದರು, 1991ರ ಹೊತ್ತಿಗೆ 2,692 ಕ್ಷಿಪಣಿಗಳು ನಾಶವಾಗಿದ್ದವು. ಆ ವಾಯುನೆಲೆ ಇಂದು ಇಲ್ಲ, ಬೇಲಿ ತೆಗೆದು ಆ ಗೋಮಾಳವನ್ನು ಜನರಿಗೆ ಬಿಟ್ಟುಕೊಡಲಾಗಿದೆ, ಅಲ್ಲಿ ದನಗಳು ಮೇಯುತ್ತವೆ. ಆ ಒಪ್ಪಂದ 2019ರ ಆಗಸ್ಟಿನಲ್ಲಿ ಕೊನೆಗೊಂಡದ್ದೂ ನಿಜ. ಗೆದ್ದದ್ದನ್ನು ಮತ್ತೆ ಕಳೆದುಕೊಳ್ಳುವುದು ಈ ಕೆಲಸದಲ್ಲಿ ಇದ್ದದ್ದೇ. ಆದರೆ 1986ರಲ್ಲಿ ಜಗತ್ತಿನಲ್ಲಿ ಸುಮಾರು 70,000 ಇದ್ದ ಅಣ್ವಸ್ತ್ರ ಸಿಡಿತಲೆಗಳು ಇಂದು ಸುಮಾರು 12,000ಕ್ಕೆ ಇಳಿದಿವೆ. ಇದು ಬಹಳ ಹೆಚ್ಚು, ಒಂದಿದ್ದರೂ ಹೆಚ್ಚೇ. ಆದರೂ ಆ ಇಳಿದ ಐವತ್ತೆಂಟು ಸಾವಿರವನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುತ್ತೇನೆ, ಯಾಕೆಂದರೆ ಅದು ತಾನಾಗಿಯೇ ಇಳಿದದ್ದಲ್ಲ.

ದೂರದ ದೇಶಗಳ ಯುದ್ಧವನ್ನು ವಿರೋಧಿಸುವುದು ಸುಲಭ, ನಮ್ಮವರು ಸತ್ತಾಗ ಏನು ಮಾಡುತ್ತೀರಿ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. 2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ ಭಯೋತ್ಪಾದಕರು 26 ಜನರನ್ನು ಕೊಂದರು, ಅವರಲ್ಲಿ ಶಿವಮೊಗ್ಗದವರಿದ್ದರು, ಬೆಂಗಳೂರಿನವರಿದ್ದರು. ಹೆಂಡತಿ ಮಕ್ಕಳ ಕಣ್ಣೆದುರಿಗೇ ಕೊಂದರೆಂಬ ವರದಿಗಳನ್ನು ಓದಿ ನನಗೆ ಎರಡು ದಿನ ಊಟ ಸೇರಲಿಲ್ಲ, ಸಿಟ್ಟೂ ಬಂತು. ಯುದ್ಧ ಬೇಡವೆನ್ನುವವರಿಗೆ ಸಿಟ್ಟು ಬರುವುದಿಲ್ಲವೆಂದು ತಿಳಿಯಬಾರದು. ನಾವು ಆ ವಾರ ಫಲಕಗಳಿಲ್ಲದೆ, ದೀಪ ಹಚ್ಚಿಟ್ಟು, ಸತ್ತವರಿಗಾಗಿ ಮಾತ್ರ ಸೇರಿದೆವು, ಬೇರೇನನ್ನೂ ಹೇಳಲಿಲ್ಲ. ದುಃಖಕ್ಕೆ ಅದರ ಹೊತ್ತನ್ನು ಕೊಡದೆ ನೇರವಾಗಿ ಶಾಂತಿಯ ಮಾತಿಗೆ ಹೋಗುವುದು ತಪ್ಪೆಂದು ನಾನು ಈ ವರ್ಷಗಳಲ್ಲಿ ಕಲಿತಿದ್ದೇನೆ. ಮೇ 7ರಿಂದ 10ರವರೆಗೆ ನಾಲ್ಕು ದಿನ ಕ್ಷಿಪಣಿ, ಡ್ರೋನ್, ಫಿರಂಗಿಗಳ ಕಾದಾಟ ನಡೆಯಿತು. ಪೂಂಛ್‌ನಲ್ಲಿ ಪಾಕಿಸ್ತಾನದ ಶೆಲ್ ದಾಳಿಗೆ ಮಕ್ಕಳೂ ಸತ್ತರು. ಆ ಬದಿಯಲ್ಲಿಯೂ ಮಕ್ಕಳು ಸತ್ತರು. ಆ ದಿನಗಳಲ್ಲಿ ನಮ್ಮ ವಸತಿ ಸಮುಚ್ಚಯದ ವಾಟ್ಸ್ಆ್ಯಪ್ ಗುಂಪಿನಲ್ಲಿ ನಾನು ಎರಡು ಸಾಲು ಬರೆದೆ: ಗಡಿಯ ಎರಡೂ ಬದಿಯ ಮಕ್ಕಳು ಮನೆಯಲ್ಲಿ ಮಲಗುವಂತಾಗಲಿ ಎಂದು. ಹತ್ತು ನಿಮಿಷದೊಳಗೆ ದೇಶದ್ರೋಹಿ ಎಂಬ ಮಾತು ಬಂತು. ಹದಿನೆಂಟು ವರ್ಷದಿಂದ ಎದುರು ಮನೆಯಲ್ಲಿರುವವರು ಒಂದು ತಿಂಗಳು ನನ್ನ ಮುಖ ನೋಡಲಿಲ್ಲ.

ಅಂಥ ರಾತ್ರಿಗಳಲ್ಲಿ ನನಗೆ ನೆನಪಾಗುವುದು ಇಸ್ರೇಲಿನ ಮತ್ತು ಪ್ಯಾಲೆಸ್ತೀನಿನ ಆ ಹೆತ್ತವರು. ತನ್ನ ಮಗ ಆರಿಕ್‌ನನ್ನು 1994ರಲ್ಲಿ ಹಮಾಸ್ ಕೊಂದ ಮೇಲೆ ಯಿಟ್ಸ್‌ಹಾಕ್ ಫ್ರಾಂಕೆಂತಾಲ್ ಎಂಬ ಇಸ್ರೇಲಿ ತಂದೆ, ಮಕ್ಕಳನ್ನು ಕಳೆದುಕೊಂಡ ಬೇರೆ ಕುಟುಂಬಗಳನ್ನು ಹುಡುಕಿಕೊಂಡು ಹೋಗಿ 1995ರಲ್ಲಿ ಒಂದು ವೇದಿಕೆಯನ್ನು ಕಟ್ಟಿದರು. ಮುಂದೆ ಪ್ಯಾಲೆಸ್ತೀನಿ ಕುಟುಂಬಗಳೂ ಅದನ್ನು ಸೇರಿದವು, ಇಂದು ಎರಡೂ ಕಡೆಯ ಆರು ನೂರಕ್ಕೂ ಹೆಚ್ಚು ಮನೆಗಳು ಅದರಲ್ಲಿವೆ. ಆ ವೇದಿಕೆಗೆ ಸೇರಲು ಮನೆಯಲ್ಲೊಂದು ಸಾವು ಆಗಿರಬೇಕು, ತಮ್ಮಲ್ಲಿಗೆ ಹೊಸಬರು ಬರದಿರಲಿ ಎಂದೇ ಅವರು ಕೆಲಸ ಮಾಡುತ್ತಾರೆ. 2023ರ ನಂತರವೂ ಅದು ಮುಚ್ಚಿಲ್ಲ. ಎದುರು ಮನೆಯವರ ಮೌನಕ್ಕೆ ನನ್ನ ಬಾಯಿ ಕಟ್ಟಿಹೋಗುತ್ತದೆ ಎನ್ನುವಾಗ, ಮಗನ ಶವ ಹೊತ್ತವರು ಇನ್ನೊಬ್ಬರ ಮನೆಯ ಬಾಗಿಲು ತಟ್ಟಿದ್ದನ್ನು ನೆನೆದರೆ ನನಗೆ ಮರುದಿನ ಏಳುವುದು ಸಾಧ್ಯವಾಗುತ್ತದೆ.

ದಿನದಿನದ ಬದುಕಿನಲ್ಲಿ ನಾನು ಕೈಬಿಟ್ಟ ಕೆಲವು ಅಭ್ಯಾಸಗಳೂ ಇವೆ. ಟಿವಿಯ ರಾತ್ರಿ ಚರ್ಚೆಗಳನ್ನು ನೋಡುವುದನ್ನು ಬಿಟ್ಟು ಎಂಟು ವರ್ಷವಾಯಿತು. ಮೊಬೈಲಿನಲ್ಲಿ ಯುದ್ಧದ ದೃಶ್ಯಗಳನ್ನು ಒಂದಾದ ಮೇಲೊಂದರಂತೆ ನೋಡುತ್ತ ಕೂರುವುದು ಸಾವಿಗೆ ಸಾಕ್ಷಿಯಾಗುವುದಲ್ಲ, ಅದು ಮನಸ್ಸನ್ನು ಮರಗಟ್ಟಿಸುವುದು ಮಾತ್ರ ಎಂಬುದು ನನ್ನ ಅನುಭವ. ಎಷ್ಟು ಜನ ಬಂದರೆಂದು ತಲೆ ಎಣಿಸುವುದನ್ನು ಬಿಟ್ಟಿದ್ದೇನೆ. ಹಿಂದೆ ನಾವು ಟೌನ್ ಹಾಲಿನ ಮೆಟ್ಟಿಲುಗಳ ಮೇಲೋ ಮಹಾತ್ಮ ಗಾಂಧಿ ರಸ್ತೆಯ ಗಾಂಧಿ ಪ್ರತಿಮೆಯ ಬಳಿಯೋ ನಿಂತರೆ ಬಸ್ಸಿನಲ್ಲಿ ಹೋಗುವವರು ಕಿಟಕಿಯಿಂದ ಓದುತ್ತಿದ್ದರು. 2022ರಿಂದ ನಗರದ ಪ್ರತಿಭಟನೆಗಳೆಲ್ಲ ಫ್ರೀಡಂ ಪಾರ್ಕಿನಲ್ಲೇ ನಡೆಯಬೇಕು. ಅಲ್ಲಿ ನಮ್ಮ ಫಲಕ ಓದುವವರು ಪಕ್ಕದ ಶಾಮಿಯಾನದಲ್ಲಿ ವೇತನಕ್ಕಾಗಿ ಕುಳಿತ ಅಂಗನವಾಡಿ ಕಾರ್ಯಕರ್ತೆಯರು, ಭೂಮಿಗಾಗಿ ಬಂದ ರೈತರು. ಮೊದಮೊದಲು ಇದು ನನಗೆ ಬಹಳ ಬೇಸರ ತಂದಿತ್ತು. ಆಮೇಲೆ ಅಲ್ಲಿನವರೇ ಬಂದು ಮಾತಾಡಿಸತೊಡಗಿದರು. ಒಮ್ಮೆ ಹಾವೇರಿ ಕಡೆಯ ಅಂಗನವಾಡಿ ಕಾರ್ಯಕರ್ತೆಯೊಬ್ಬರು ಫಲಕವನ್ನು ಎರಡು ಸಲ ಓದಿ, ತನ್ನ ತಮ್ಮ ಸಿಯಾಚಿನ್‌ನಲ್ಲಿದ್ದಾನೆಂದು ಹೇಳಿ, ನಮ್ಮ ಪಕ್ಕದಲ್ಲಿ ಕಾಲು ಗಂಟೆ ನಿಂತು ಹೋದರು. ಹಿಂದೆ ಆ ಪಾರ್ಕು ಸೆಂಟ್ರಲ್ ಜೈಲಾಗಿತ್ತು, ತುರ್ತುಪರಿಸ್ಥಿತಿಯಲ್ಲಿ ಬಂಧಿತರನ್ನು ಅಲ್ಲಿಯೇ ಇಟ್ಟಿದ್ದರು ಎಂಬುದನ್ನು ಹೊಸದಾಗಿ ಬರುವ ಹುಡುಗರಿಗೆ ನಾನು ಹೇಳುತ್ತೇನೆ, ಆ ಗೋಡೆಗಳ ಒಳಗೆ ಕೂತಿದ್ದವರಿಗೂ ಅದು ಎಂದು ಮುಗಿಯುವುದೆಂದು ಗೊತ್ತಿರಲಿಲ್ಲ.

ಕಳೆದ ಭಾನುವಾರ ಬೆಳಿಗ್ಗೆ, ರಸ್ತೆ ಖಾಲಿಯಿರುವ ಹೊತ್ತಿನಲ್ಲಿ, ಆ ವಿದ್ಯಾರ್ಥಿನಿಯನ್ನು ಬ್ರಿಗೇಡ್ ರಸ್ತೆಯ ಸ್ಮಾರಕಕ್ಕೆ ಕರೆದುಕೊಂಡು ಹೋಗಿದ್ದೆ. ಅವಳೊಂದಿಗೆ ಅವಳ ತಮ್ಮನೂ ಬಂದಿದ್ದ, ಈಗ ಪಿಯುಸಿ ಓದುತ್ತಿದ್ದಾನೆ. ಕಲ್ಲಿನ ಮೇಲಿನ ಅಕ್ಷರಗಳನ್ನು ಬೆರಳಿಟ್ಟು ಓದಿ, "ಮೆಸೊಪೊಟೇಮಿಯಾ ಅಂದರೆ ಎಲ್ಲಿ, ಮೇಡಂ?" ಎಂದು ಕೇಳಿದ. ಇರಾಕ್ ಎಂದೆ. ಇಷ್ಟು ದೂರದಿಂದ ಅಲ್ಲಿಗೆ ಯಾಕೆ ಹೋದರು ಎಂದ. ಕಳುಹಿಸಿದರು, ಹೋದರು ಎಂದೆ. ಆಮೇಲೆ 2003ರಲ್ಲಿ ಇನ್ನೊಮ್ಮೆ ಕಳುಹಿಸುವ ಮಾತು ಬಂದದ್ದನ್ನು, ಕಳುಹಿಸದೇ ಉಳಿದದ್ದನ್ನು ಹೇಳಿದೆ. ಅವನು ಆಗ ಹುಟ್ಟಿರಲಿಲ್ಲ. ಅವನ ಅಕ್ಕ ಕಲ್ಲಿನ ನಾಲ್ಕೂ ಮುಖಗಳನ್ನು ಸುತ್ತಿ ಬಂದು, ಪಕ್ಕದ ಖಾಲಿ ಜಾಗವನ್ನು ಸ್ವಲ್ಪ ಹೊತ್ತು ನೋಡಿದಳು. ಮುಂದಿನ ತಿಂಗಳ ಪ್ರದರ್ಶನಕ್ಕೆ ಅನುಮತಿ ಕೇಳುವ ಅರ್ಜಿಯನ್ನು ಯಾರು ಬರೆಯುತ್ತಾರೆಂದು ಹಿಂತಿರುಗುವಾಗ ಆಟೋದಲ್ಲಿ ಕೇಳಿದಳು. ಈ ಸಲ ನೀನೇ ಬರೆ ಎಂದೆ. ನಿನ್ನೆ ಅದರ ಕರಡನ್ನು ಕಳುಹಿಸಿದ್ದಾಳೆ. ಎರಡು ಕಡೆ ಕಾಗುಣಿತ ತಿದ್ದಬೇಕಾಗಿದೆ, ನಾಳೆ ಬೆಳಿಗ್ಗೆ ಇಬ್ಬರೂ ಠಾಣೆಗೆ ಹೋಗಿ ಕೊಟ್ಟು ಬರುತ್ತೇವೆ.